ದಾಸೋಹದ ರೊಟ್ಟಿ, ಪಗಾರದ ರೊಟ್ಟಿ

ಜಾತ್ರೆಗೆ ರೊಟ್ಟಿ ಬಡಿಯುವ ಕೈ ಕೂಲಿ ಕೇಳುವುದಿಲ್ಲ. ಅದೇ ಕೈ ಕಾರ್ಖಾನೆಯಲ್ಲೋ ಶಾಲೆಯ ಅಡುಗೆಮನೆಯಲ್ಲೋ ದುಡಿದರೆ ಒಂದು ರೂಪಾಯಿಯನ್ನೂ ಬಿಡಲೊಪ್ಪುವುದಿಲ್ಲ. ಮನುಷ್ಯ ಯಾಕೆ ದುಡಿಯುತ್ತಾನೆ ಎಂದು ನೂರು ವರ್ಷದಿಂದ ಕೇಳುತ್ತಿರುವ ಮ್ಯಾನೇಜ್‌ಮೆಂಟ್ ಶಾಸ್ತ್ರಗಳನ್ನೆಲ್ಲ ಕುಕನೂರು ಸೀಮೆಯ ಒಲೆಯ ಮುಂದಿಟ್ಟು ನೋಡಿದರೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಪುಷ್ಯ ಮಾಸ. ಎರೆಹೊಲದಲ್ಲಿ ಬಿಳಿಜೋಳ ತೆನೆ ತುಂಬುವ ಹೊತ್ತು. ಕುಕನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಗುಡಿಯ ಮುಂದೆ, ಮನೆಯಂಗಳದಲ್ಲಿ ಒಲೆಗಳು ಸಾಲಾಗಿ ಉರಿಯುತ್ತವೆ. ಒಬ್ಬಾಕೆ ಹಿಟ್ಟು ನಾದಿದರೆ ಇನ್ನೊಬ್ಬಾಕೆ ಬಡಿಯುತ್ತಾಳೆ, ಮತ್ತೊಬ್ಬಾಕೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕುತ್ತಾಳೆ. ಕಡಕ್ಕಾದ ರೊಟ್ಟಿ ಅಡುಕಲಡುಕಲಾಗಿ ಚೀಲ ಸೇರಿ, ಟ್ರ್ಯಾಕ್ಟರ್ ಏರಿ, ಭಜನೆಯ ಜೊತೆ ಕೊಪ್ಪಳದ ಗವಿಮಠದ ಹಾದಿ ಹಿಡಿಯುತ್ತದೆ. ಪುಷ್ಯ ಬಹುಳ ಬಿದಿಗೆಯಂದು ಗವಿಸಿದ್ಧೇಶ್ವರನ ತೇರು. ಅಲ್ಲಿನ ಮಹಾದಾಸೋಹಕ್ಕೆ ಜಿಲ್ಲೆಯ ಊರೂರುಗಳಿಂದ ಹೀಗೆ ಬಂದು ಬೀಳುವ ರೊಟ್ಟಿ ಲಕ್ಷಗಟ್ಟಲೆ.

ಅದೇ ಹಾದಿಯಲ್ಲಿ, ಕುಕನೂರಿಗೂ ಕೊಪ್ಪಳಕ್ಕೂ ನಡುವೆ, ಭಾನಾಪುರ ಸಿಗುತ್ತದೆ. 2021ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್ ಅಲ್ಲಿದೆ, 400 ಎಕರೆಯಲ್ಲಿ. ಗುಳೆ ಹೋಗುವುದೊಂದೇ ದಾರಿಯಾಗಿದ್ದ ಸೀಮೆಯಲ್ಲಿ ಹೆಣ್ಣುಮಕ್ಕಳು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಪಾಳಿಗೆ ಹೊರಡುವುದು ಹೊಸ ನೋಟ. ಊರೊಳಗೆ ಇನ್ನೊಂದು ಒಲೆಯೂ ಇದೆ: ಸರ್ಕಾರಿ ಶಾಲೆಯ ಬಿಸಿಯೂಟದ ಒಲೆ. ಆ ಯೋಜನೆಯ ಹೆಸರು ಅಕ್ಷರ ದಾಸೋಹ.

ಮೂರೂ ಕಡೆ ದುಡಿಯುವುದು ಒಂದೇ ಊರಿನ ಕೈಗಳು, ಎಷ್ಟೋ ಸಲ ಒಂದೇ ಮನೆಯವು. ಜಾತ್ರೆಯ ಒಲೆಯ ಮುಂದೆ ನಡುರಾತ್ರಿಯವರೆಗೆ ನಗುನಗುತ್ತಾ ಕೂತ ಹೆಂಗಸನ್ನೇ ಕಾರ್ಖಾನೆಯ ಪಾಳಿಯಲ್ಲಿ ‘ಮೈಗಳ್ಳಿ’ ಎನ್ನುವ ಮೇಲ್ವಿಚಾರಕ ಸಿಗಬಹುದು. ಹಾಗೆನ್ನುವವನು ದುಡಿಯುವ ಮನಸ್ಸನ್ನು ಆಳಿನ ಹುಟ್ಟುಗುಣ ಎಂದುಕೊಂಡಿದ್ದಾನೆ. ಗುಣವೇ ಆಗಿದ್ದರೆ ಒಲೆಯಿಂದ ಒಲೆಗೆ ಅದು ಬದಲಾಗುತ್ತಿರಲಿಲ್ಲ. ಬದಲಾಗುವುದು ಕೆಲಸ ಕೊಟ್ಟವರಿಗೂ ಮಾಡುವವರಿಗೂ ನಡುವಿನ ಲೆಕ್ಕ. ಆ ಲೆಕ್ಕದಲ್ಲಿ ಕೆಲಸ ಕೊಟ್ಟವರು ಹೊತ್ತುಕೊಳ್ಳುವ ಸಾಲ ಎರಡು: ಒಂದು ಕೂಲಿ, ಇನ್ನೊಂದು ಗೌರವ. ಒಂದನ್ನು ಕೊಟ್ಟು ಇನ್ನೊಂದನ್ನು ತೀರಿಸಿದೆ ಎನ್ನಲು ಬರುವುದಿಲ್ಲ. ಪ್ರೇರಣೆಯ ಬಗ್ಗೆ, ನಾಯಕತ್ವದ ಬಗ್ಗೆ ಬಂದ ಸಿದ್ಧಾಂತಗಳಲ್ಲಿ ಬಹುಪಾಲು ಎಡವಿರುವುದು ಈ ಎರಡು ಸಾಲವನ್ನು ಒಂದೇ ಖಾತೆಯಲ್ಲಿ ಬರೆದದ್ದರಿಂದ.

ಗಡಿಯಾರದಿಂದ ಏಣಿಯವರೆಗೆ

ಮೊದಲ ಖಾತೆ ತೆರೆದವನು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್. ಕೈಯಲ್ಲಿ ಗಡಿಯಾರ ಹಿಡಿದು, ಪ್ರತಿ ಚಲನೆಯನ್ನೂ ಅಳೆದು, ಹೇಗೆ ಬಾಗಬೇಕು, ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು ಎಂಬುದನ್ನೆಲ್ಲ ಆಳಿನ ಬದಲು ಕಚೇರಿಯೇ ತೀರ್ಮಾನಿಸಬೇಕು ಎಂದ. 1911ರ ಅವನ ಪುಸ್ತಕದಲ್ಲಿ ಬರುವ ಬೆತ್ಲಹೆಮ್ ಉಕ್ಕಿನ ಕಾರ್ಖಾನೆಯ ಕತೆಯನ್ನು ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಬಲ್ಲರು. ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿ ಹೊರುತ್ತಿದ್ದ ಆಳು ಟೇಲರನ ಅಳತೆಯಂತೆ ನಡೆದು ನಲವತ್ತೇಳೂವರೆ ಟನ್ ಹೊತ್ತ, ಕೂಲಿ 1.15 ಡಾಲರಿನಿಂದ 1.85ಕ್ಕೆ ಏರಿತು. ಲೆಕ್ಕ ಹಾಕಿ ನೋಡಿ: ಹೊರೆ ನಾಲ್ಕು ಪಟ್ಟಿನ ಹತ್ತಿರ ಬಂತು, ಕೂಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಯಿತು. ಟೇಲರನನ್ನು ಬೈಯುವುದು ಸುಲಭ. ಆದರೆ ಹೆಚ್ಚು ದುಡಿದವನಿಗೆ ಹೆಚ್ಚು ಕೊಡಲೇಬೇಕು ಎಂದು ಮಾಲೀಕರ ಎದುರು ಒತ್ತಿ ಹೇಳಿದವನೂ ಅವನೇ. ಕೂಲಿಯ ಸಾಲ ಅವನಿಗೆ ಕಂಡಿತ್ತು. ಕಾಣದೆ ಹೋದದ್ದು ಎರಡನೆಯದು: ಯೋಚನೆಯ ಕೆಲಸವನ್ನು ಆಳಿನ ಕೈಯಿಂದ ಕಿತ್ತುಕೊಂಡಾಗ ಅವನಿಂದ ಏನನ್ನು ಕಿತ್ತುಕೊಂಡೆ ಎಂಬುದು.

ಎರಡನೆಯ ಸಾಲ ಕಣ್ಣಿಗೆ ಬಿದ್ದದ್ದು 1924ರಿಂದ 1932ರವರೆಗೆ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ. ಟೆಲಿಫೋನ್ ಬಿಡಿಭಾಗ ಜೋಡಿಸುವ ಕೆಲವೇ ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ವಿರಾಮ ಕೊಟ್ಟು, ಅವರ ಮಾತು ಕೇಳಿ ನೋಡಿದಾಗ ಕೆಲಸ ಏರಿತು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ಕೇಳುತ್ತಿದ್ದಾರೆ ಎಂಬುದೇ ಕೆಲಸ ಏರಿಸಿತು ಎಂಬ ವ್ಯಾಖ್ಯಾನ ಎಲ್ಟನ್ ಮೇಯೊ ಮೂಲಕ ಜಗತ್ತಿಗೆಲ್ಲ ಹಬ್ಬಿತು. ಆ ಕೋಣೆಯಲ್ಲಿ ಕೂಲಿ ಕೊಡುವ ಪದ್ಧತಿಯನ್ನೂ ಬದಲಿಸಿ, ಆ ಸಣ್ಣ ಗುಂಪಿನ ದುಡಿಮೆಗೇ ಗಂಟು ಹಾಕಿದ್ದರು ಎಂಬ ಸಂಗತಿ ಮಾತ್ರ ಹಿಂದೆ ಸರಿಯಿತು. ಟೇಲರ್ ಗೌರವವನ್ನು ಮರೆತಂತೆ, ಮೇಯೊ ಹಿಂದೆ ಹೊರಟವರು ಕೂಲಿಯನ್ನು ಮರೆತರು.

ಆಮೇಲೆ ಬಂದ ಅಬ್ರಹಾಂ ಮಾಸ್ಲೋ 1943ರಲ್ಲಿ ಎರಡನ್ನೂ ಒಂದು ಏಣಿಯಲ್ಲಿಟ್ಟ. ಕೆಳಗಿನ ಮೆಟ್ಟಿಲು ಹಸಿವು, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಮನ್ನಣೆ, ತುದಿಯಲ್ಲಿ ತನ್ನ ಕಸುವೆಲ್ಲ ಅರಳುವ ಬಯಕೆ. ಕೆಳಗಿನದು ಬಹುಪಾಲು ತೀರಿದ ಮೇಲೆ ಮೇಲಿನದು ಎಚ್ಚರಗೊಳ್ಳುತ್ತದೆ. ಕೇಳಲು ಸರಿಯಾಗಿದೆ, ಆದರೆ ರೊಟ್ಟಿಯ ಮುಂದೆ ಈ ಏಣಿ ನಿಲ್ಲುವುದಿಲ್ಲ. ಟ್ರ್ಯಾಕ್ಟರಿಗೆ ಬೀಳುವ ಚೀಲಗಳು ಉಳ್ಳವರ ಮನೆಯಿಂದ ಮಾತ್ರ ಬರುವವಲ್ಲ. ಮಳೆ ಕೈಕೊಟ್ಟ ವರ್ಷವೂ, ಹಗೇವು ಅರ್ಧ ಖಾಲಿಯಿರುವ ಮನೆಯಿಂದಲೂ ಜಾತ್ರೆಗೆ ರೊಟ್ಟಿ ಹೋಗುತ್ತದೆ. ಕೊಡುವ ಸಂತೋಷ, ಊರೊಳಗೆ ತನ್ನದೂ ಒಂದು ಪಾಲಿದೆ ಎಂಬ ಹೆಮ್ಮೆ ಹೊಟ್ಟೆ ತುಂಬುವವರೆಗೆ ಕಾಯುವುದಿಲ್ಲ. ಬಡವರಿಗೆ ಮೊದಲು ಅನ್ನ, ಮರ್ಯಾದೆ ಆಮೇಲೆ ನೋಡೋಣ ಎನ್ನುವ ಆಡಳಿತಗಾರ ಗೊತ್ತಿಲ್ಲದೆಯೇ ಮಾಸ್ಲೋನ ಏಣಿ ಏರುತ್ತಿರುತ್ತಾನೆ.

ಪಿರಮಿಡ್ ಎಲ್ಲಿಂದ ಬಂತು?
ಮಾಸ್ಲೋ ಹೆಸರಿನ ಜೊತೆ ಪಠ್ಯಪುಸ್ತಕಗಳಲ್ಲೆಲ್ಲ ಒಂದು ಪಿರಮಿಡ್ ಚಿತ್ರ ಇರುತ್ತದೆ. 1943ರ ಮೂಲ ಲೇಖನದಲ್ಲಿ ಅಂಥ ಚಿತ್ರವೇ ಇಲ್ಲ. ಅದನ್ನು ಬಿಡಿಸಿದವರು ಮುಂದೆ ಬಂದ ಮ್ಯಾನೇಜ್‌ಮೆಂಟ್ ಬರಹಗಾರರು. ಮೆಟ್ಟಿಲುಗಳ ಕ್ರಮ ಎಲ್ಲರಲ್ಲೂ ಒಂದೇ ಇರಬೇಕಿಲ್ಲ ಎಂದು ಮಾಸ್ಲೋ ಅದೇ ಲೇಖನದಲ್ಲಿ ಒಪ್ಪಿಕೊಂಡಿದ್ದ.

ಎರಡು ಅಳತೆಗೋಲು

ಈ ಸಾಲಿನಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಎನಿಸುವುದು ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಮುಂದಿಟ್ಟ ಮಾತು. ಪಿಟ್ಸ್‌ಬರ್ಗ್ ಸೀಮೆಯ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕೂರಿಸಿಕೊಂಡು ಅವನ ತಂಡ ಕೇಳಿತು: ಕೆಲಸದಲ್ಲಿ ತುಂಬ ಸಂತೋಷವಾದ ಹೊತ್ತು ಯಾವುದು, ತುಂಬ ಬೇಸರವಾದದ್ದು ಯಾವಾಗ? ಸಂತೋಷದ ಮಾತು ಬಂದಾಗ ಜನ ಸಾಧನೆ, ಮನ್ನಣೆ, ಕೆಲಸದ ಹುರುಳು, ಹೊಣೆಗಾರಿಕೆ ಎಂದರು. ಬೇಸರದ ಮಾತು ಬಂದಾಗ ಸಂಬಳ, ಮೇಲ್ವಿಚಾರಕನ ನಡತೆ, ಕಂಪನಿಯ ನಿಯಮ, ಕೆಲಸದ ಸ್ಥಳ ಎಂದರು. ಹಾಗಾದರೆ ಸಂತೋಷ ಮತ್ತು ಬೇಸರ ಒಂದೇ ಗೆರೆಯ ಎರಡು ತುದಿಗಳಲ್ಲ, ಎರಡು ಬೇರೆ ಗೆರೆಗಳು. ಸಂಬಳ ಸರಿಯಿದ್ದರೆ ಬೇಸರ ತಗ್ಗುತ್ತದೆ, ಅಷ್ಟರಿಂದಲೇ ಹುರುಪು ಹುಟ್ಟುವುದಿಲ್ಲ. ಕೆಲಸಕ್ಕೆ ಹುರುಳಿದ್ದರೆ ಹುರುಪು ಹುಟ್ಟುತ್ತದೆ, ಅದರಿಂದ ಸಂಬಳದ ನೋವು ವಾಸಿಯಾಗುವುದಿಲ್ಲ.

ಇದರ ಮೇಲೆ ಬಂದ ಟೀಕೆ ಹಗುರವಾದದ್ದಲ್ಲ. ನೆನಪಿನಿಂದ ಹೇಳುವಾಗ ಒಳ್ಳೆಯದಾದರೆ ನನ್ನಿಂದ, ಕೆಟ್ಟದಾದರೆ ಕಂಪನಿಯಿಂದ ಎನ್ನುವುದು ಮನುಷ್ಯಸಹಜ. ಎರಡು ಗೆರೆ ಮೂಡಿದ್ದು ಆ ಕಾರಣಕ್ಕೇ ಇರಬಹುದು. ಮೇಲಾಗಿ ಕೇಳಿದ್ದು ಕುರ್ಚಿಯ ಮೇಲೆ ಕೂತು ದುಡಿಯುವವರನ್ನು. ಕಬ್ಬಿಣ ಹೊರುವವರನ್ನಲ್ಲ, ರೊಟ್ಟಿ ಬಡಿಯುವವರನ್ನಲ್ಲ. ಪಿಟ್ಸ್‌ಬರ್ಗಿನ ಉತ್ತರಗಳ ಮೇಲೇ ವಾದ ಕಟ್ಟಿದರೆ ಅದು ಕುಸಿಯುತ್ತದೆ ಎಂಬುದನ್ನು ಒಪ್ಪೋಣ. ಆದರೆ ಎರಡು ಗೆರೆಗಳ ಗುರುತು ನಮ್ಮ ಸುತ್ತಲೇ ಇದೆ.

ಭಾನಾಪುರದಿಂದ ದೂರವೇನೂ ಇಲ್ಲದ ಕಿನ್ನಾಳವನ್ನೇ ನೋಡಿ. ವಿಜಯನಗರದ ಕಾಲದ ನಂಟು ಹೇಳುವ ಚಿತ್ರಗಾರ ಮನೆತನಗಳು ಅಲ್ಲಿ ಇಂದಿಗೂ ಗೊಂಬೆ ಮಾಡುತ್ತವೆ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. 1976ರಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಇಬ್ಬರು ಅಮೆರಿಕನ್ನರು ಮನಸ್ಸು ತುಂಬುವ ಕೆಲಸದ ಲಕ್ಷಣಗಳನ್ನು ಹೇಳಿದರು: ಹಲವು ಬಗೆಯ ಕುಶಲತೆ ಬೇಕು, ಮೊದಲಿನಿಂದ ಕೊನೆವರೆಗೆ ತಾನೇ ಮಾಡಿದ್ದು ಎನಿಸಬೇಕು, ಇನ್ನೊಬ್ಬರ ಬದುಕಿಗೆ ಮುಟ್ಟಬೇಕು, ಸ್ವಂತ ತೀರ್ಮಾನಕ್ಕೆ ಎಡೆಯಿರಬೇಕು, ಚೆನ್ನಾಗಿ ಬಂತೋ ಇಲ್ಲವೋ ಕೆಲಸವೇ ಹೇಳಬೇಕು. ಕಿನ್ನಾಳದ ಕುಶಲಕರ್ಮಿಯ ಕೆಲಸದಲ್ಲಿ ಈ ಐದೂ ತುಂಬಿವೆ. ಪ್ರೇರಣೆಯ ಶಾಸ್ತ್ರದ ಪ್ರಕಾರ ಊರಿನ ಹುಡುಗರು ಆ ಕಸುಬಿಗೆ ಮುಗಿಬೀಳಬೇಕಿತ್ತು. ಆದದ್ದು ಬೇರೆ: ಕಸುಬು ಹಿಡಿದ ಮನೆಗಳು ಕಡಿಮೆಯಾಗುತ್ತ ಬಂದವು. ಅದರಿಂದ ಸಂಸಾರ ನಡೆಯದು ಎಂಬುದೇ ಕಾರಣ. ಹುರುಳಿನ ಗೆರೆ ತುದಿ ಮುಟ್ಟಿದರೂ ಕೂಲಿಯ ಗೆರೆ ಇದ್ದಲ್ಲೇ ಇತ್ತು.

ಕಿನ್ನಾಳದ ಗೊಂಬೆ ಹುಟ್ಟುವ ಬಗೆ
ಹಗುರ ಮರವನ್ನು ಕೆತ್ತಿ, ಬಿಡಿ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸಂದುಗಳಿಗೆ ನಾರು, ಮರದ ಹೊಟ್ಟು, ಅಂಟು ಬೆರೆಸಿದ ಕಣಕ ತುಂಬುತ್ತಾರೆ. ಮೇಲೆ ಲೇಪ ಕೊಟ್ಟು ಒಣಗಿಸಿ ಬಣ್ಣ ಹಚ್ಚುತ್ತಾರೆ. ಆಟಿಕೆಯಷ್ಟೇ ಅಲ್ಲ, ಗುಡಿಯ ಮೂರ್ತಿ, ಪಲ್ಲಕ್ಕಿಯೂ ಇದೇ ಕೈಗಳಲ್ಲಿ ತಯಾರಾಗುತ್ತವೆ.

ಕೂಲಿಯ ಸಾಲ ತೀರದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಎರಡು ದೊಡ್ಡ ಸಾಕ್ಷಿಗಳಿವೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ರಸ್ತೆಗಿಳಿದರು. ಪಿಎಫ್‌ನಲ್ಲಿನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಹೆಸರು ಹೇಳಬಹುದಾದ ನಾಯಕರು ಆ ಚಳವಳಿಗೆ ಇರಲಿಲ್ಲ. ಇನ್ನೊಂದು, 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆ. ಒಡೆದು ಹಾಕಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಂದಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು. ಜಗತ್ತಿನ ಅತ್ಯಾಧುನಿಕ ವಸ್ತು ತಯಾರಿಸುತ್ತಿದ್ದೇವೆ ಎಂಬ ಹೆಮ್ಮೆ ಆ ಹುಡುಗರಿಗೆ ಇದ್ದಿರಬಹುದು. ಬಾಕಿ ಪಗಾರದ ಜಾಗದಲ್ಲಿ ಅದನ್ನು ಇಡಲಾಗಲಿಲ್ಲ.

ರೊಟ್ಟಿಗೆ ಬೆಲೆ ಕಟ್ಟಿದರೆ?

ಈಗ ಉಲ್ಟಾ ಕೇಳೋಣ. ಜಾತ್ರೆಗೆ ತರುವ ಒಂದೊಂದು ರೊಟ್ಟಿಗೂ ಎರಡು ರೂಪಾಯಿ ಕೊಡುತ್ತೇವೆ ಎಂದು ಘೋಷಿಸಿದರೆ ಇನ್ನಷ್ಟು ರೊಟ್ಟಿ ಬಂದೀತೆ? ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲಿ ಇದೇ ಬಗೆಯ ಪ್ರಶ್ನೆಯನ್ನು ರಕ್ತದಾನದ ಬಗ್ಗೆ ಎತ್ತಿ, ದಾನವನ್ನು ಮಾರಾಟ ಮಾಡಿದರೆ ಕೊಡುವ ಮನಸ್ಸೇ ಬತ್ತುತ್ತದೆ ಎಂದು ವಾದಿಸಿದ. ರೊಟ್ಟಿಯ ವಿಷಯದಲ್ಲೂ ಹಾಗೇ ಆದೀತೆಂದು ನನಗನ್ನಿಸುತ್ತದೆ. ಅಲ್ಲಿ ಎಷ್ಟು ಬಡಿಯಬೇಕು ಎಂಬ ಅಳತೆ ಬಡಿಯುವವಳ ಕೈಯಲ್ಲಿದೆ. ಉಣ್ಣುವವರ ಪಂಕ್ತಿ ಅವಳ ಕಣ್ಣಿಗೆ ಕಾಣುತ್ತದೆ, ಅದರಲ್ಲಿ ಅವಳೂ ಕೂತು ಉಣ್ಣುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಅವಳ ಮನೆ ನಡೆಯುವುದು ಆ ರೊಟ್ಟಿಯಿಂದಲ್ಲ. ಕೂಲಿಯ ಲೆಕ್ಕ ಬೇರೆಲ್ಲೋ ಇತ್ಯರ್ಥವಾಗುವುದರಿಂದಲೇ ಇಲ್ಲಿ ಕೊಡುಗೆ ಕೊಡುಗೆಯಾಗಿ ಉಳಿದಿದೆ.

ಈ ನೆಲಕ್ಕೆ ಇದು ಹೊಸ ತಿಳಿವಳಿಕೆಯೂ ಅಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯವರೆಂದು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕತೆಯನ್ನು ನೆನೆಯಿರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ಅವರ ವಿಚಾರದಲ್ಲಿ ಕಾಯಕ ಮೊದಲು, ದಾಸೋಹ ಆಮೇಲೆ. ತನ್ನ ದುಡಿಮೆಯ ನ್ಯಾಯವಾದ ಪಾಲು ಕೈಗೆ ಬಂದ ಮೇಲೆ ಅದರಿಂದ ಕೊಡುವುದು ದಾಸೋಹ. ಪಾಲನ್ನೇ ಕೊಡದೆ ದುಡಿಸಿಕೊಂಡು ಅದಕ್ಕೆ ದಾಸೋಹ ಎನ್ನಲು ಆ ತತ್ವದಲ್ಲಿ ಜಾಗವಿಲ್ಲ.

ಆದ್ದರಿಂದಲೇ ಶಾಲೆಯ ಒಲೆಯ ಕತೆ ಮನಸ್ಸನ್ನು ಕಲಕುತ್ತದೆ. 2002ರಲ್ಲಿ ರಾಜ್ಯ ಸರ್ಕಾರ ಬಿಸಿಯೂಟವನ್ನು ಮೊದಲು ಆರಂಭಿಸಿದ ಉತ್ತರದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಮಕ್ಕಳ ಹಸಿವು ನೀಗಿದ ಆ ಯೋಜನೆ ನಾಡು ಹೆಮ್ಮೆಪಡಬೇಕಾದದ್ದು. ಅದನ್ನು ನಡೆಸುವ ಹೆಂಗಸರಿಗೆ ಸಿಗುವುದಕ್ಕೆ ಮಾತ್ರ ಸಂಬಳ ಎಂಬ ಹೆಸರಿಲ್ಲ, ‘ಗೌರವಧನ’ ಎನ್ನುತ್ತಾರೆ. ಕೇಂದ್ರದ ಲೆಕ್ಕದಲ್ಲಿ ಅದು 2009ರಿಂದ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ. ರಾಜ್ಯ ತನ್ನ ಪಾಲು ಸೇರಿಸುತ್ತ ಬಂದಿದ್ದರೂ ಸಂಸಾರ ನಡೆಸುವ ಮೊತ್ತಕ್ಕೆ ಅದು ಮುಟ್ಟಿಲ್ಲ. ಗೌರವ ಮತ್ತು ಧನ ಎಂಬ ಎರಡು ಸಾಲಗಳನ್ನು ಒಂದೇ ಪದದಲ್ಲಿ ಹೊಲಿದು, ಒಂದರ ನೆಪದಲ್ಲಿ ಇನ್ನೊಂದನ್ನು ಕಡಿಮೆ ಮಾಡಿದ ಪದ ಅದು. ಅಂಗನವಾಡಿ, ಆಶಾ ಕಾರ್ಯಕರ್ತೆಯರದೂ ಇದೇ ಪಾಡು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ, ಗ್ರಾಚ್ಯುಟಿ ಕಾನೂನಿನ ಮಟ್ಟಿಗೆ ಈ ಗೌರವಧನವೂ ವೇತನವೇ ಎಂದು ತೀರ್ಪು ಕೊಟ್ಟಿತು.

ಮುಂದಾಳು ಹೇಗಿರಬೇಕು?

ನಾಯಕತ್ವದ ಸಿದ್ಧಾಂತಗಳು ಬಹಳ ಮಟ್ಟಿಗೆ ಎರಡನೆಯ ಸಾಲದ ಬಗ್ಗೆಯೇ ಮಾತಾಡುತ್ತವೆ. 1960ರಲ್ಲಿ ಡಗ್ಲಸ್ ಮೆಕ್‌ಗ್ರೆಗರ್ ‘ಎಕ್ಸ್’ ಮತ್ತು ‘ವೈ’ ಎಂದು ಎರಡು ನಂಬಿಕೆಗಳನ್ನು ಗುರುತಿಸಿದ: ಆಳು ಸ್ವಭಾವತಃ ಸೋಮಾರಿ ಎನ್ನುವವನು ಕಾವಲುಗಾರನಾಗುತ್ತಾನೆ, ದುಡಿಮೆ ಮನುಷ್ಯನಿಗೆ ಸಹಜ ಎನ್ನುವವನು ಹೊಣೆ ಹಂಚುತ್ತಾನೆ. ಅದಕ್ಕೂ ಮೊದಲೇ, 1939ರಲ್ಲಿ ಪ್ರಕಟವಾದ ಕರ್ಟ್ ಲೆವಿನ್ ತಂಡದ ಪ್ರಯೋಗವೊಂದಿದೆ. ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಮುಖವಾಡ ಮಾಡುವಂಥ ಕೈಗೆಲಸ ಕೊಟ್ಟು, ಒಂದು ಕಡೆ ಹುಕುಂ ಮಾಡುವ ಮುಂದಾಳನ್ನು, ಇನ್ನೊಂದು ಕಡೆ ಕೂಡಿ ತೀರ್ಮಾನಿಸುವವನನ್ನು, ಮಗದೊಂದು ಕಡೆ ಕೈಬಿಟ್ಟು ಕೂರುವವನನ್ನು ಇಟ್ಟು ನೋಡಿದರು. ಹುಕುಂ ಇದ್ದಲ್ಲಿ ಕೆಲಸ ಜೋರಾಗಿಯೇ ನಡೆಯಿತು, ಮುಂದಾಳು ಹೊರಗೆ ಹೋದೊಡನೆ ಕುಸಿಯಿತು. ಕೂಡಿ ತೀರ್ಮಾನಿಸಿದ ಗುಂಪಿನಲ್ಲಿ ಅವನಿಲ್ಲದಾಗಲೂ ಕೆಲಸ ಹೆಚ್ಚುಕಡಿಮೆ ಹಾಗೆಯೇ ಸಾಗಿತು.

ಇದು ನಮ್ಮಲ್ಲಿ ನಡೆಯುವುದಿಲ್ಲ, ನಮ್ಮ ಜನಕ್ಕೆ ಗದರಿಸುವ ಹಿರಿಯರೇ ಬೇಕು ಎಂಬ ಆಕ್ಷೇಪವಿದೆ. ಪಟ್ನಾದ ಮನಶ್ಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ 1980ರಲ್ಲಿ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡರು. ಭಾರತದ ಕೆಲಸಗಾರ ಮೇಲಿನವರಿಂದ ವಾತ್ಸಲ್ಯ ಬಯಸುತ್ತಾನೆ. ಆ ವಾತ್ಸಲ್ಯವನ್ನು ಕೆಲಸಕ್ಕೆ ಬೆಸೆದು ಪೋಷಿಸುವ ಮುಂದಾಳು ಇಲ್ಲಿ ಗೆಲ್ಲುತ್ತಾನೆ ಎಂದರು. ಇದನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಸಿನ್ಹಾ ನಿಲ್ಲಿಸಲಿಲ್ಲ. ಆಸರೆ ಪಡೆದವರು ಬಲಿತಂತೆ ಮುಂದಾಳು ಹಿಂದೆ ಸರಿದು ತೀರ್ಮಾನವನ್ನು ಅವರ ಕೈಗೆ ಬಿಡಬೇಕು, ಅದು ದಾಟುವ ಹಂತ ಎಂಬುದೂ ಅವರ ಮಾತೇ.

2019ರಲ್ಲಿ ಕೊಪ್ಪಳದ ಹಿರೇಹಳ್ಳದಲ್ಲಿ ಕಂಡದ್ದು ಇಂಥ ಮುಂದಾಳ್ತನಕ್ಕೆ ಹತ್ತಿರದ ಉದಾಹರಣೆ. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹೂಳು, ಜಾಲಿ ತುಂಬಿದ್ದ ಹಳ್ಳಕ್ಕೆ ತಾವೇ ಇಳಿದರು. ಹಳ್ಳಿಗಳು ಯಂತ್ರ, ಟ್ರ್ಯಾಕ್ಟರ್, ದುಡ್ಡು, ದುಡಿಮೆ ಹೊತ್ತು ತಂದವು. ಸುಮಾರು 26 ಕಿಲೋಮೀಟರ್ ಹಳ್ಳ ಸ್ವಚ್ಛವಾಯಿತು. ಇದನ್ನು ನೋಡಿ ಮ್ಯಾನೇಜರುಗಳೂ ಹೀಗೇ ಸ್ಫೂರ್ತಿ ತುಂಬಲಿ ಎನ್ನುವುದು ಅವಸರದ ಪಾಠ. ಹಳ್ಳದ ನೀರು ಹರಿಯುವುದು ದುಡಿದವರ ಹೊಲದ ಪಕ್ಕದಲ್ಲೇ. ಕಾರ್ಖಾನೆಯ ಲಾಭ ಹಾಗೆ ಹರಿಯುವುದಿಲ್ಲ. ಸ್ವಾಮೀಜಿಯಿಂದ ಕಾರ್ಖಾನೆ ಕಲಿಯಬಹುದಾದದ್ದು ಒಂದೇ, ಕೆಲಸದ ಜಾಗಕ್ಕೆ ಇಳಿದು ನಿಲ್ಲುವುದು. ಭಕ್ತಿಯನ್ನು ಕೇಳುವ ಹಕ್ಕು ಅದಕ್ಕೆ ಬರುವುದಿಲ್ಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಬಲವಾದ ಪುರಾವೆ ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಿಂದಲೇ ಬಂದಿದೆ. ಅಚ್ಯುತ ಅಧ್ವರ್ಯು, ತೆರೇಸಾ ಮೊಲಿನಾ, ಅನಂತ್ ನ್ಯಷಧಮ್ ಎಂಬ ಅರ್ಥಶಾಸ್ತ್ರಜ್ಞರು, ಕೂಲಿ ಏರಿಕೆ ನಿರೀಕ್ಷೆಗಿಂತ ಕಡಿಮೆಯಾದ ಹೊತ್ತಿನಲ್ಲಿ ಚೀಟಿ ಎತ್ತಿದಂತೆ ಕೆಲವು ಕಾರ್ಮಿಕರನ್ನು ಆರಿಸಿ, ಹೆಸರು ಬಯಲಾಗದಂತೆ ಅವರ ಅಭಿಪ್ರಾಯ ಕೇಳಿದರು: ಕೆಲಸ ಹೇಗಿದೆ, ಮೇಲ್ವಿಚಾರಕರು ಹೇಗಿದ್ದಾರೆ, ನೀವು ತೃಪ್ತರೇ? ಕೇಳಿಸಿಕೊಂಡವರಲ್ಲಿ ಕೆಲಸ ಬಿಡುವುದೂ ಗೈರುಹಾಜರಿಯೂ ಕಡಿಮೆಯಾಯಿತು, ಹೆಚ್ಚು ನಿರಾಶರಾಗಿದ್ದವರಲ್ಲಿ ಇನ್ನೂ ಸ್ಪಷ್ಟವಾಗಿ. ಹಾಗಾದರೆ ಗೌರವ ಕೊಟ್ಟು ಕೂಲಿಯ ಸಾಲ ತೀರಿಸಬಹುದಲ್ಲವೇ? ಆ ಪ್ರಯೋಗ ತೋರಿಸುವುದು ಅದನ್ನಲ್ಲ. ಕೇಳಿಸಿಕೊಂಡವರ ಕೂಲಿಯೇನೂ ಏರಲಿಲ್ಲ. ಕಡಿಮೆ ಏರಿಕೆಯ ಜೊತೆಗೆ ಯಾರೂ ಕೇಳಲಿಲ್ಲ ಎಂಬ ಎರಡನೆಯ ಗಾಯವೂ ಇತ್ತೆಂದೂ, ಅದಕ್ಕೆ ಔಷಧ ಬಿದ್ದರೆ ಜನ ಇನ್ನಷ್ಟು ಕಾಲ ತಾಳುತ್ತಾರೆಂದೂ ಅದು ಹೇಳುತ್ತದೆ. ಆ ತಾಳ್ಮೆಯನ್ನು ಅಗ್ಗದ ಕೂಲಿ ಎಂದು ಎಣಿಸಿ ಪ್ರತಿ ವರ್ಷ ಪ್ರಶ್ನಾವಳಿಯನ್ನಷ್ಟೇ ಹಂಚುವ ಕಂಪನಿಗೆ ಎಷ್ಟು ಸಲ ಅದೇ ಫಲ ಸಿಕ್ಕೀತು?

ಕೊನೆಯ ಆಕ್ಷೇಪ ನಮ್ಮ ಸೀಮೆಯದೇ. ಗುಳೆ ಹೋಗುವ ಜನಕ್ಕೆ ಊರ ಪಕ್ಕದಲ್ಲಿ ಕೆಲಸ ಸಿಕ್ಕಿದ್ದೇ ದೊಡ್ಡದು, ಈ ಸೂಕ್ಷ್ಮಗಳೆಲ್ಲ ಆಮೇಲೆ ಎನ್ನುತ್ತಾರೆ. ಊರ ಪಕ್ಕದ ಕೆಲಸ ನಿಜಕ್ಕೂ ದೊಡ್ಡದು. ಮಕ್ಕಳ ಶಾಲೆ ತಪ್ಪದಂತೆ ಮನೆ ನಡೆಸುವುದು ಸಣ್ಣ ಮಾತಲ್ಲ. ಆದರೆ ಕೆಲಸ ಕೊಟ್ಟದ್ದನ್ನೇ ಉಪಕಾರ ಎಂದು ಎಣಿಸಿದ ದಿನದಿಂದ ಎರಡೂ ಸಾಲ ಮನ್ನಾ ಆದಂತೆ. ಈ ಸೀಮೆಯ ಹೆಂಗಸರು ಹಾಗೆ ಎಣಿಸಿಲ್ಲ ಎಂಬುದಕ್ಕೆ ಅವರೇ ಇಟ್ಟುಕೊಂಡ ಒಂದು ಹೆಸರು ಸಾಕ್ಷಿ. ಗೌರವಧನ ಪಡೆಯುವ ಬಿಸಿಯೂಟದ ಅಡುಗೆಯವರು ರಾಜ್ಯದಾದ್ಯಂತ ಸಂಘ ಕಟ್ಟಿಕೊಂಡಿದ್ದಾರೆ. ತಾವು ಬಡಿಸುವ ಅನ್ನದ ಹೆಸರನ್ನು ಅವರು ಬಿಟ್ಟುಕೊಟ್ಟಿಲ್ಲ, ಸರ್ಕಾರ ಕೊಡದ ಪದವನ್ನು ಅದರ ಪಕ್ಕದಲ್ಲೇ ಬರೆದುಕೊಂಡಿದ್ದಾರೆ: ಅಕ್ಷರ ದಾಸೋಹ ನೌಕರರ ಸಂಘ.